ಅಂಗ್ಕೋರ್ ಕಂಡ ಚೀನೀಯ

ಖ್ಮೇರ್ ಸಾಮ್ರಾಜ್ಯದ ರಾಜಧಾನಿ ಅಂಗ್ಕೋರ್ ಜನರಿಂದ ತುಂಬಿ ತುಳುಕುತ್ತಿದ್ದಾಗ ಹೇಗಿತ್ತು ಎಂದು ಕಣ್ಣಾರೆ ಕಂಡು ಬರೆದಿಟ್ಟ ಪುಸ್ತಕ ನಮಗೆ ಸಿಕ್ಕಿರುವುದು ಒಂದೇ. ಬರೆದವನು ಖ್ಮೇರನಲ್ಲ, ಚೀನಾದ ವೆನ್‌ಜೌ ಕಡೆಯ ಜೌ ದಾಗ್ವಾನ್. ಯುವಾನ್ ಚಕ್ರವರ್ತಿ ತೆಮೂರ್ ಖಾನ್ ಕಳಿಸಿದ ನಿಯೋಗದ ಜತೆ 1296ರಲ್ಲಿ ಬಂದು, ಮರುವರ್ಷ ಹಿಂದಿರುಗಿದವನು. ಖ್ಮೇರರು ಗರಿ, ಚರ್ಮಗಳ ಮೇಲೆ ಬರೆದದ್ದೆಲ್ಲ ಮಣ್ಣುಪಾಲಾಗಿದೆ. ಉಳಿದ ಶಾಸನಗಳಲ್ಲಿ ಅರಸರ ಹೊಗಳಿಕೆ, ದೇವರಿಗೆ ಬಿಟ್ಟ ದತ್ತಿಯ ಲೆಕ್ಕ. ಆ ಊರಿನ ಅಡುಗೆಮನೆ ನೋಡಬೇಕಾದರೆ ಈ ಹೊರಗಿನವನ ಬೆನ್ನು ಹತ್ತದೆ ಗತಿಯಿಲ್ಲ. 1902ರಲ್ಲಿ ಪಾಲ್ ಪೆಲಿಯೊ ಫ್ರೆಂಚಿಗೆ ತಂದ ಮೇಲಂತೂ ಇತಿಹಾಸಕಾರರೆಲ್ಲ ಇದನ್ನೇ ನೆಚ್ಚಿದ್ದಾರೆ. ಎಲ್ಲಿಯವರೆಗೆ ನೆಚ್ಚಬಹುದು?

ಸಂತೆಯ ವಿಷಯದಲ್ಲಿ ಕಣ್ಣುಮುಚ್ಚಿ ನೆಚ್ಚಬಹುದು. ವ್ಯಾಪಾರವೆಲ್ಲ ಹೆಂಗಸರ ಕೈಯಲ್ಲಿ. ಬೆಳಗ್ಗೆ ಶುರುವಾದ ಸಂತೆ ಮಧ್ಯಾಹ್ನಕ್ಕೆ ಮುಗಿಯುತ್ತದೆ. ಅಂಗಡಿಗಳಿಲ್ಲ, ನೆಲಕ್ಕೆ ಚಾಪೆ ಹಾಸಿ ಕೂರುತ್ತಾರೆ, ಕೂತ ಜಾಗಕ್ಕೆ ಅಧಿಕಾರಿಗೆ ಸುಂಕ ಕೊಡುತ್ತಾರೆ. ಚಿಲ್ಲರೆ ವ್ಯವಹಾರಕ್ಕೆ ಅಕ್ಕಿ, ಅದಕ್ಕಿಂತ ಮೇಲಿನದಕ್ಕೆ ಬಟ್ಟೆ, ದೊಡ್ಡದಕ್ಕೆ ಬೆಳ್ಳಿ ಬಂಗಾರ. ಮನೆಯೊಳಗೂ ಅವನ ನೋಟ ಇಷ್ಟೇ ಚುರುಕು. ಮೇಜಿಲ್ಲ, ಮಂಚವಿಲ್ಲ, ಮಣ್ಣಿನ ಮಡಕೆಯಲ್ಲಿ ಅನ್ನ, ತೆಂಗಿನ ಚಿಪ್ಪಿನ ಸೌಟು. ಎಲೆ ಮಡಚಿ ಮಾಡಿದ ಪುಟ್ಟ ಬಟ್ಟಲಿಗೆ ಸಾರು ತುಂಬಿದರೂ ತೊಟ್ಟಿಕ್ಕುವುದಿಲ್ಲ ಎಂದು ಅವನು ಬೆರಗಾಗಿ ಬರೆದದ್ದನ್ನು ಓದುವಾಗ ದೊನ್ನೆಯಲ್ಲಿ ಪಾಯಸ ಕುಡಿದವರಿಗೆ ನಗು ಬಂದೀತು. ಒಂದೊಂದು ಮನೆಗೆ ಒಂದು ಕೊಳ, ಇಲ್ಲವೇ ಎರಡು ಮೂರು ಮನೆಗೆ ಸೇರಿ ಒಂದು ಎನ್ನುತ್ತಾನೆ. 2012ರಲ್ಲಿ ಹೆಲಿಕಾಪ್ಟರಿನಿಂದ ಲೇಸರ್ ಹಾಯಿಸಿ ಕಾಡಿನಡಿಯ ನೆಲವನ್ನು ಅಳೆದಾಗ ಬೀದಿಗಳ ಚೌಕಳಿಯ ನಡುವೆ ಮನೆದಿಬ್ಬಗಳೂ ಅವುಗಳ ಪಕ್ಕದ ಕೊಳಗಳೂ ಸಾಲುಸಾಲಾಗಿ ಕಂಡವು. ಏಳು ನೂರು ವರ್ಷ ಕಳೆದ ಮೇಲೆ ಇಂಥ ಸಾಕ್ಷಿ ಸಿಗುವ ಪ್ರವಾಸಿಗರು ಅಪರೂಪ.

ಸಂತೆ ಬಿಟ್ಟು ಗುಡಿಯತ್ತ ತಿರುಗಿದರೆ ಇದೇ ಮನುಷ್ಯ ಎಡವುತ್ತಾನೆ. ಅಂಗ್ಕೋರ್ ವಾಟ್ ಅವನ ಪಾಲಿಗೆ ಚೀನಾದ ದಂತಕಥೆಯ ಬಡಗಿ ಲು ಬಾನ್‌ನ ಸಮಾಧಿ! ವಿಷ್ಣುವಿಗಾಗಿ ಎರಡನೇ ಸೂರ್ಯವರ್ಮನ್ ಕಟ್ಟಿಸಿದ ಗುಡಿಗೆ ಒಂದೆರಡು ಸಾಲು ಕೊಟ್ಟು ಮುಂದೆ ಹೋಗಿಬಿಡುತ್ತಾನೆ. ಪಂಡಿತರ ಕೊರಳಲ್ಲಿ ಬಿಳಿಯ ದಾರ, ಅದನ್ನು ಸಾಯುವತನಕ ತೆಗೆಯುವುದಿಲ್ಲ ಎಂಬುದನ್ನು ಮಾತ್ರ ಸರಿಯಾಗಿ ಗಮನಿಸಿದ್ದಾನೆ. ಅವರ ಓದಿನ ಮೂಲ ಯಾವುದೋ ತಿಳಿಯದು ಎಂದು ಕೈಚೆಲ್ಲುತ್ತಾನೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದದ್ದು ಅವನ ದೊಡ್ಡ ಗುಣ, ನಿಜ. ಆದರೆ ಆ ಗುಣ ಎಲ್ಲ ಕಡೆ ಕೆಲಸ ಮಾಡುವುದಿಲ್ಲ. ಎಳೆಯ ಹುಡುಗಿಯರ ಕನ್ಯಾಭಂಗದ ಆಚರಣೆಯನ್ನು ನೋಡಲು ಚೀನೀಯರಿಗೆ ಅವಕಾಶವಿಲ್ಲ ಎಂದು ತಾನೇ ಹೇಳಿಕೊಂಡು, ಅದೇ ಅಧ್ಯಾಯವನ್ನು ಕೇಳಿದ ಮಾತುಗಳಿಂದ ಉದ್ದಕ್ಕೆ ಎಳೆದಿದ್ದಾನೆ. ಹೊಳೆಯಲ್ಲಿ ಮೀಯುವ ಹೆಂಗಸರನ್ನು ನೋಡಲು ಚೀನೀಯರು ಬಿಡುವಿನಲ್ಲಿ ಹೋಗುತ್ತಿದ್ದರೆಂಬ ಭಾಗವೂ ಅಷ್ಟೇ. ಅಲ್ಲಿ ಖ್ಮೇರರಿಗಿಂತ ಹೆಚ್ಚಾಗಿ ಬಯಲಾಗುವವರು ನೋಡಲು ಹೋದವರು.

ಈ ಏರುಪೇರಿಗೆ ಕಾರಣ, ನನ್ನ ಮಟ್ಟಿಗೆ, ಪುಸ್ತಕ ಯಾರಿಗಾಗಿ ಎಂಬುದರಲ್ಲಿದೆ. ಚೀನಾದ ಯಾವ ಸರಕಿಗೆ ಅಲ್ಲಿ ಬೇಡಿಕೆ ಎಂಬ ಪಟ್ಟಿಯಲ್ಲಿ ರೇಷ್ಮೆ, ಪಾದರಸ, ಕಾಗದ, ಬಾಚಣಿಗೆ, ಸೂಜಿಯವರೆಗೆ ಎಲ್ಲ ಇದೆ. ಅಕ್ಕಿ ಸಲೀಸು, ಹೆಣ್ಣು ಸಲೀಸು, ವ್ಯಾಪಾರ ಸಲೀಸು ಎಂದು ಹಡಗು ಬಿಟ್ಟು ಅಲ್ಲೇ ನೆಲೆಸುವ ನಾವಿಕರ ಸುದ್ದಿಯೂ ಇದೆ. ಸಮುದ್ರ ದಾಟಿ ದುಡಿಯಲು ಹೊರಟವನಿಗೆ ಬೇಕಾದದ್ದೆಲ್ಲ ಇಲ್ಲಿ ಕರಾರುವಾಕ್ಕು. ಅವನಿಗೆ ಬೇಡದ ದೇವರು, ಶಾಸ್ತ್ರ, ಶಿಲ್ಪ ಮಸುಕು.

ಗುಲಾಮರ ಅಧ್ಯಾಯವನ್ನು ಓದುವುದು ಕಷ್ಟ. ಬೆಟ್ಟದ ಜನರನ್ನು ಕೊಂಡು ತರುತ್ತಾರೆ: ಗಟ್ಟಿಮುಟ್ಟಾದ ಹುಡುಗನಿಗೆ 100 ತುಂಡು ಬಟ್ಟೆ, ಮುದಿಯನಿಗೆ 30-40. ಮಲಗುವುದು ಅಟ್ಟಣೆ ಮನೆಯ ಕೆಳಗೆ. ಕೆಲಸಕ್ಕೆ ಮೇಲೆ ಬಂದರೆ ಮೊಣಕಾಲೂರಿ ಕೈಮುಗಿದೇ ಬರಬೇಕು. ಹೊಡೆದರೆ ತಲೆ ಬಗ್ಗಿಸಿ ಅಲುಗದೆ ನಿಲ್ಲಬೇಕು. ಬಾಚಣಿಗೆಗೂ ಇದಕ್ಕೂ ದನಿಯಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಇವನಿಗೆ ಕರುಳಿಲ್ಲವೇ ಎಂದು ಸಿಟ್ಟು ಬರುತ್ತದೆ. ಆದರೆ ಗುಡಿಗೆ ಬಿಟ್ಟ ಆಳುಗಳ ಹೆಸರು ಕೆತ್ತಿಸಿದ ಖ್ಮೇರ್ ಶಾಸನಗಳು ಅವರು ರಾತ್ರಿ ಎಲ್ಲಿ ಮಲಗುತ್ತಿದ್ದರು ಎಂದು ಹೇಳುವ ಗೋಜಿಗೆ ಹೋಗಲಿಲ್ಲ.