ಕಪಾಟಿನ ಮೂರು ಕಾಗದಗಳು

ವಿಮರ್ಶೆ ಅಂದರೆ ಕಥೆ, ಕವನ, ಕಾದಂಬರಿಗಳ ಮೇಲೆ ಬರೆಯುವಂಥದ್ದು ಎಂದೇ ನಾನು ತಿಳಿದಿದ್ದೆ. ಬ್ಯಾಂಕಿನಲ್ಲಿ ಇದ್ದಷ್ಟು ದಿನ ಲೆಡ್ಜರು, ಸಾಲಪತ್ರ, ಸರ್ಕ್ಯುಲರುಗಳನ್ನು ಬಿಟ್ಟು ಬೇರೇನನ್ನೂ ನಾನು ಗಮನವಿಟ್ಟು ಓದಿದವನಲ್ಲ. ಆದರೆ 2023ರ ಮಳೆಗಾಲದಲ್ಲಿ ನಾಸಿಕದ ಒಂದು ಬಾಡಿಗೆ ಮನೆಯಲ್ಲಿ ಕೂತು ಮೂರು ಕಾಗದಗಳನ್ನು ಎಷ್ಟು ಸಲ ಓದಿದೆನೆಂದರೆ, ಅವುಗಳ ಗುಣದೋಷ ಹೇಳುವ ಅಧಿಕಾರ ನನಗೆ ಬಂದಿದೆ ಅಂತಲೇ ಅನ್ನಿಸುತ್ತದೆ. ಒಂದು, ಕಪಾಟು ಜೋಡಿಸುವ ಚಿತ್ರಗಳ ಹಾಳೆ. ಎರಡು, ವಾರಂಟಿ ಕಾರ್ಡು. ಮೂರು, ಬಿಲ್ಲು.

ಸಂಗತಿ ಸಣ್ಣದು. ನನ್ನ ಮಗಳು ಆಗ ಔರಂಗಾಬಾದಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಳು. ಆ ವರ್ಷ ಜನವರಿಯಲ್ಲಿ ಅಲ್ಲಿನ ಅಂಗಡಿಯೊಂದರಲ್ಲಿ ಮೂರು ಬಾಗಿಲಿನ ಒಂದು ಕಪಾಟು ಕೊಂಡಳು. ಬಿಡಿ ಹಲಗೆಗಳಾಗಿ ರಟ್ಟಿನ ಪೆಟ್ಟಿಗೆಯಲ್ಲಿ ಬಂದು, ಮನೆಯಲ್ಲೇ ಜೋಡಣೆಯಾಗುವ ಜಾತಿಯದು. ಬೆಲೆ ಹದಿನಾಲ್ಕೂವರೆ ಸಾವಿರ ರೂಪಾಯಿ. ಅಂಗಡಿಯವರೇ ಕಳಿಸಿದ ಫಿಟರ್ ಒಂದು ಗಂಟೆಯಲ್ಲಿ ನಿಲ್ಲಿಸಿಕೊಟ್ಟು ಹೋದ. ಮುಂದಿನ ತಿಂಗಳು ಊರಿನ ಹೆಸರು ಛತ್ರಪತಿ ಸಂಭಾಜಿನಗರ ಆಯಿತು. ಜೂನ್‌ನಲ್ಲಿ ಮಗಳಿಗೆ ನಾಸಿಕಕ್ಕೆ ವರ್ಗವಾಯಿತು. ಸಾಮಾನು ಸಾಗಿಸಲು ನಾನೂ ನನ್ನ ಹೆಂಡತಿಯೂ ಹೋದೆವು. ಕಪಾಟು ಬಿಚ್ಚುವಾಗ ಎಡಪಕ್ಕದ ಹಲಗೆ ಬರಲೇ ಒಲ್ಲದು. ಟೆಂಪೋದ ಹುಡುಗ ಎಳೆದ. ಅಂಚಿನಿಂದ ಹೊಟ್ಟು ಹೊಟ್ಟಾಗಿ ಕಿತ್ತುಕೊಂಡು ಬಂತು. ಅವನು, ‘ಚಾಲೇಲ್ ಕಾಕಾ’ ಎಂದ. ನಡೆಯುತ್ತೆ ಬಿಡಿ, ಅಂತ. ಮಹಾರಾಷ್ಟ್ರದಲ್ಲಿ ಇದ್ದವರಿಗೆಲ್ಲ ಗೊತ್ತು, ಈ ಒಂದು ಪದದ ಮೇಲೆ ಎಷ್ಟೆಲ್ಲ ನಿಂತಿದೆ ಅಂತ!

ವೈಜಾಪುರ, ಯೇವಲಾ ದಾಟಿ ನಾಸಿಕ ಮುಟ್ಟಿ, ಹಲಗೆಗಳನ್ನು ಗೋಡೆಗೆ ಒರಗಿಸಿ, ಹಾಳೆ ಬಿಡಿಸಿಕೊಂಡು ಕೂತಾಗ ನಿಜ ತಿಳಿಯಿತು. ಆ ಹಲಗೆಯಲ್ಲಿ ನಾಲ್ಕು ತೂತು ಇರಬೇಕು. ನಮ್ಮದರಲ್ಲೂ ನಾಲ್ಕಿದ್ದವು. ಆದರೆ ಎರಡು ತೂತು ಒಂದು ಬೆರಳಗಲ ಆಚೆ ಬಿದ್ದಿದ್ದವು. ಕ್ಯಾಮ್ ಲಾಕ್ ಕೂರುವಂತಿರಲಿಲ್ಲ. ಜನವರಿಯಲ್ಲಿ ಬಂದ ಫಿಟರ್ ಅದನ್ನು ನೋಡಿದ್ದಾನೆ, ಯಾರಿಗೂ ಹೇಳದೆ ಅಂಟು ಸುರಿದಿದ್ದಾನೆ, ಮೇಲೆ ಎರಡು ಸ್ಕ್ರೂ ಹೊಡೆದು ಹೋಗಿದ್ದಾನೆ. ಹುಟ್ಟಿನಲ್ಲೇ ಇದ್ದ ದೋಷ ಐದು ತಿಂಗಳು ಅಂಟಿನ ಅಡಿಯಲ್ಲಿ ಕೂತಿತ್ತು.

ಮೊದಲು ಚಿತ್ರದ ಹಾಳೆಯ ಮಾತು. ಅದರಲ್ಲಿ ಒಂದೇ ಒಂದು ಅಕ್ಷರವಿಲ್ಲ. ಬರೀ ಅಂಕಿ, ಬಾಣ, ಹಲಗೆ. ಯಾವ ಭಾಷೆಯವರಿಗಾದರೂ ಅರ್ಥವಾಗಲಿ ಅನ್ನುವ ಉದ್ದೇಶ ಮೆಚ್ಚತಕ್ಕದ್ದೇ. ಪರಊರಿನಲ್ಲಿ ಇರುವವನಿಗೆ ಮರಾಠಿಯೂ ಬೇಡ, ಇಂಗ್ಲಿಷೂ ಬೇಡ ಅಂತ ಹೇಳುವ ಕಾಗದ ಇನ್ನಾವುದಿದೆ? ಒಬ್ಬನೇ ನಿಂತ ಮನುಷ್ಯನ ಚಿತ್ರದ ಮೇಲೆ ಕಾಟು ಹಾಕಿದ್ದರು, ಇಬ್ಬರಿದ್ದರೆ ನಗುಮುಖ. ಒಂಟಿಯಾಗಿರುವ ಹುಡುಗಿ ಆ ಇನ್ನೊಬ್ಬರನ್ನು ಎಲ್ಲಿಂದ ತರಬೇಕೋ, ಅದಕ್ಕೆ ಚಿತ್ರವಿರಲಿಲ್ಲ. ಅದಿರಲಿ. ಹಾಳೆಯ ದೊಡ್ಡ ಕೊರತೆ ಬೇರೆ. ಎಲ್ಲ ಸರಿಯಾಗಿದ್ದರೆ ಏನು ಮಾಡಬೇಕು ಅಂತ ಮಾತ್ರ ಅದು ಹೇಳುತ್ತದೆ. ತೂತು ತಪ್ಪಿದ್ದರೆ, ಬಿಡಿಭಾಗ ಕಡಿಮೆ ಬಂದಿದ್ದರೆ ಏನು ಮಾಡಬೇಕೆಂಬುದಕ್ಕೆ ಚಿತ್ರವಿಲ್ಲ. ಬಿಚ್ಚುವುದಕ್ಕಂತೂ ಇಲ್ಲವೇ ಇಲ್ಲ.

ಬಿಚ್ಚಿ ಜೋಡಿಸುವ ಪೀಠೋಪಕರಣವೆಂದರೇ ಕಳಪೆ ಅಂತ ನಾನು ಹೇಳುತ್ತಿಲ್ಲ. ಅದಕ್ಕೊಂದು ಮರ್ಯಾದಸ್ಥ ಇತಿಹಾಸವಿದೆ. ವಿಯೆನ್ನಾದ ಥೋನೆಟ್ ಕಂಪನಿಯ ಹದಿನಾಲ್ಕನೇ ನಂಬರಿನ ಕುರ್ಚಿ 1859ರದು. ಆರು ಮರದ ತುಂಡು, ಹತ್ತು ಸ್ಕ್ರೂ, ಎರಡು ನಟ್ಟು. ಬಿಚ್ಚಿದ 36 ಕುರ್ಚಿಗಳು ಒಂದು ಘನಮೀಟರ್ ಪೆಟ್ಟಿಗೆಯಲ್ಲಿ ಹಿಡಿಸುತ್ತಿದ್ದವು. ನಮ್ಮ ರೂರ್ಕಿಯ ಹೆಸರು ಹೊತ್ತ, ಬ್ರಿಟಿಷ್ ಸೇನಾಧಿಕಾರಿಗಳ ಕುರ್ಚಿಗೆ ಅಂಟೂ ಇರಲಿಲ್ಲ, ಮೊಳೆಯೂ ಇರಲಿಲ್ಲ. ನೆಲ ಏರುಪೇರಾಗಿದ್ದರೂ ಅದು ಕಾಲೂರಿ ನಿಲ್ಲುತ್ತಿತ್ತು. 1956ರಲ್ಲಿ ಸ್ವೀಡನ್ನಿನ ಐಕಿಯಾ ಕಂಪನಿಯ ಗಿಲ್ಲಿಸ್ ಲುಂಡ್‌ಗ್ರೆನ್ ಎಂಬಾತ ಕಾರಿನಲ್ಲಿ ಹಿಡಿಸಲಿಲ್ಲವೆಂದು ಮೇಜಿನ ಕಾಲು ಬಿಚ್ಚಿದ. ಈಗಿನ ವ್ಯಾಪಾರ ಬೆಳೆದದ್ದು ಆ ದಾರಿಯಲ್ಲಿ. ನಮ್ಮ ನವಾರು ಪಟ್ಟಿಯ ಮಂಚಕ್ಕಿಂತ ಸಾಗಿಸಲು ಸುಲಭವಾದದ್ದು ಯಾವುದಿದೆ ಹೇಳಿ. ವರ್ಗವಾದಾಗಲೆಲ್ಲ ಬಿಚ್ಚಿದೆವು, ಕಟ್ಟಿದೆವು. ಅವುಗಳಿಗೂ ನಮ್ಮ ಕಪಾಟಿಗೂ ಇರುವ ವ್ಯತ್ಯಾಸ ಮರದ್ದು. ಪಾರ್ಟಿಕಲ್ ಬೋರ್ಡು ಅಂದರೆ ಮರದ ಹೊಟ್ಟನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ. ಅದಕ್ಕೂ ಭಾರತೀಯ ಮಾನಕವಿದೆ, ಐಎಸ್ 3087. ಒಳ್ಳೆಯದೂ ಬರುತ್ತದೆ. ಆದರೆ ಮೊದಲ ಸಲ ಸ್ಕ್ರೂ ಹಿಡಿದಷ್ಟು ಗಟ್ಟಿಯಾಗಿ ಎರಡನೇ ಸಲ ಹಿಡಿಯುವುದಿಲ್ಲ. ನೀರು ತಾಗಿದರೆ ಉಬ್ಬುತ್ತದೆ. ನಾಸಿಕದ ಮಳೆಗಾಲದಲ್ಲಿ ಕಿತ್ತ ಅಂಚು ಎರಡೇ ವಾರಕ್ಕೆ ನೆನೆದ ರೊಟ್ಟಿಯ ಹಾಗಾಯಿತು. ಅಂದರೆ, ಒಂದು ಸಲ ಜೋಡಿಸಿ ಸುಮ್ಮನಿರಬೇಕಾದ ವಸ್ತುವನ್ನು ಊರೂರು ತಿರುಗುವವರಿಗೆಂದೇ ಮಾರುತ್ತಿದ್ದಾರೆ.

ಎರಡನೇ ಕಾಗದ ವಾರಂಟಿ ಕಾರ್ಡು. ಮೊದಲಿನದರಲ್ಲಿ ಅಕ್ಷರವೇ ಇಲ್ಲ, ಇದರಲ್ಲಿ ಅಕ್ಷರ ಬಿಟ್ಟು ಬೇರೇನಿಲ್ಲ. ಅದೂ ಭೂತಗನ್ನಡಿ ಹಿಡಿದು ಓದುವಂಥ ಇಂಗ್ಲಿಷು. ತಯಾರಿಕೆಯ ದೋಷಕ್ಕೆ ಒಂದು ವರ್ಷದ ಭರವಸೆ. ಬಿಚ್ಚಿದರೆ ಅಥವಾ ಬೇರೆ ಕಡೆ ಸಾಗಿಸಿದರೆ ಭರವಸೆ ರದ್ದು. ದೋಷ ಯಾವುದೆಂಬ ಬಗ್ಗೆ ಕಂಪನಿಯ ತೀರ್ಮಾನವೇ ಅಂತಿಮ. ವ್ಯಾಜ್ಯವೇನಿದ್ದರೂ ದೂರದ ಇನ್ನೊಂದು ನಗರದ ನ್ಯಾಯಾಲಯದಲ್ಲಿ ಮಾತ್ರ. ಅದೇ ಅಂಗಡಿಯ ಗೋಡೆಯ ಮೇಲೆ ಆಳೆತ್ತರದ ಅಕ್ಷರಗಳಲ್ಲಿ, ಎಲ್ಲಿಗೆ ಹೋದರೂ ಜೊತೆಗೆ ಒಯ್ಯಿರಿ ಅಂತ ಬರೆದದ್ದನ್ನು ಮಗಳು ಫೋನಿನಲ್ಲಿ ಫೋಟೋ ಹಿಡಿದಿಟ್ಟಿದ್ದಳು. ಗೋಡೆ ಕೊಟ್ಟದ್ದನ್ನು ಕಾರ್ಡು ಕಸಿದುಕೊಳ್ಳುತ್ತದೆ. ಸಾಲಪತ್ರಗಳನ್ನು ಓದಿ ಪಳಗಿದ ನನಗೆ ಈ ಶೈಲಿ ಹೊಸದೇನಲ್ಲ!

ಆದರೆ ಕಾಯ್ದೆಯ ಭಾಷೆ ಇಲ್ಲಿ ಕಾರ್ಡಿಗಿಂತ ಮೇಲು. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ, 2020ರ ಜುಲೈ 20ರಂದು ಜಾರಿಗೆ ಬಂದದ್ದು, ದೋಷ ಎಂಬ ಮಾತಿಗೆ ಅರ್ಥ ಹೇಳುವಾಗ ವ್ಯಾಪಾರಿ ತಾನೇ ಹೇಳಿಕೊಂಡ ಗುಣ ವಸ್ತುವಿನಲ್ಲಿ ಇಲ್ಲದಿದ್ದರೆ ಅದನ್ನೂ ದೋಷದಲ್ಲಿ ಸೇರಿಸುತ್ತದೆ. ಒಯ್ಯಬಹುದು ಅಂತ ಹೇಳಿ ಮಾರಿದ ಮೇಲೆ ಒಯ್ಯಲಾಗಬೇಕು. ಇದು 1986ರ ಕಾಯ್ದೆಯಲ್ಲೂ ಇತ್ತು. ಹೊಸ ಕಾಯ್ದೆ ಅನ್ಯಾಯದ ಕರಾರು ಎಂಬ ಪರಿಕಲ್ಪನೆಯನ್ನೂ ತಂದಿತು. ಆದರೆ ಕರಾರೇ ಅನ್ಯಾಯದ್ದು ಅಂತ ದೂರುವುದಾದರೆ ಜಿಲ್ಲಾ ಆಯೋಗ ಸಾಲದು, ರಾಜ್ಯ ಆಯೋಗದ ಮೆಟ್ಟಿಲು ಹತ್ತಬೇಕು. ಹದಿನಾಲ್ಕೂವರೆ ಸಾವಿರದ ಕಪಾಟಿಗೆ ಯಾರು ಹತ್ತುತ್ತಾರೆ?

ಮೂರನೇ ಕಾಗದ ಬಿಲ್ಲು. ಇದೇ ನನ್ನನ್ನು ಹೆಚ್ಚು ಕಾಡಿದ್ದು. ಅದರಲ್ಲಿದ್ದದ್ದು ಔರಂಗಾಬಾದಿನ ವಿಳಾಸ. ನಾಸಿಕದಿಂದ ಫೋನು ಮಾಡಿದರೆ, ಬಿಲ್ಲಾದ ಊರಿನಲ್ಲೇ ದೂರು ಕೊಡಿ ಎಂದರು. ಸರಿ ಅಂತ ನಾನೊಬ್ಬನೇ ಬಸ್ಸು ಹತ್ತಿ ಸಂಭಾಜಿನಗರಕ್ಕೆ ಹೋದೆ. ಮ್ಯಾನೇಜರ್ ಚಹಾ ತರಿಸಿದರು. ‘ಸಾಹೇಬ್, ವಸ್ತು ಈಗ ನಾಸಿಕದಲ್ಲಿದೆ. ತಪಾಸಣೆ ಅಲ್ಲೇ ಆಗಬೇಕು. ಅಲ್ಲಿಯ ವಿಳಾಸ ನಮ್ಮ ಕಂಪ್ಯೂಟರಿನಲ್ಲಿ ಇಲ್ಲವಲ್ಲ’ ಎಂದರು. ದನಿಯಲ್ಲಿ ಒರಟುತನವಿರಲಿಲ್ಲ. ನಗುನಗುತ್ತಲೇ ಹೇಳಿದರು. ನಾನು ಚಹಾ ಕುಡಿದು ಹೊರಗೆ ಬಂದೆ.

ಆ ನಗು ನನಗೆ ಪರಿಚಿತವಾಗಿತ್ತು. ತೊಂಬತ್ತರ ದಶಕದಲ್ಲಿ ಅದೇ ಊರಿನ ಒಂದು ಶಾಖೆಯಲ್ಲಿ ನಾನು ಅಧಿಕಾರಿಯಾಗಿದ್ದೆ. ಒಂದು ಮಧ್ಯಾಹ್ನ ಬೀದರ್ ಕಡೆಯ ಒಬ್ಬ ಕೂಲಿಯವರು ಬಂದರು. ನಾನು ಕನ್ನಡದವನೆಂದು ಯಾರೋ ಹೇಳಿದ್ದರಂತೆ. ‘ಸಾಹೇಬ್ರ, ನಮ್ಮೂರಾಗ ನಿಮ್ದೇ ಬ್ಯಾಂಕ್ ಅದ. ಹೆಂಡ್ತಿಗಿ ದವಾಖಾನಿಗಿ ಹಾಕೀನಿ, ರೊಕ್ಕ ಬೇಕಾಗ್ಯಾವ’ ಅಂತ ಭಾಲ್ಕಿ ಶಾಖೆಯ ಪಾಸ್‌ಬುಕ್ಕು ಚಾಚಿದರು. ಕೋರ್ ಬ್ಯಾಂಕಿಂಗ್ ಬಂದಿರಲಿಲ್ಲ. ಖಾತೆ ಇರುವ ಶಾಖೆಯಲ್ಲೇ ಹಣ ತೆಗೆಯಬೇಕು. ನಾನು ನಗುನಗುತ್ತಲೇ ಹಾಗೆ ಹೇಳಿದೆ. ಭಾಲ್ಕಿಗೆ ಒಂದು ಟ್ರಂಕ್ ಕಾಲ್ ಹಾಕಿ ಬ್ಯಾಲೆನ್ಸ್ ಖಾತ್ರಿ ಮಾಡಿಕೊಂಡು, ಮೇಲಿನವರ ಅನುಮತಿ ಕೇಳಿ ನೋಡಬಹುದಿತ್ತು. ನಿಯಮ ಹೇಳಿ ಕಳಿಸುವುದು ಸುಲಭವಾಗಿತ್ತು. ನನ್ನ ತಲೆಯ ಮೇಲಿನ ಗೋಡೆಯಲ್ಲಿ ಗ್ರಾಹಕನೇ ನಮ್ಮ ಅತಿಥಿ ಎಂಬರ್ಥದ ಫಲಕವಿತ್ತು. ಅಂಗಡಿಯ ಹೊರಗೆ ನಿಂತಾಗ ಅವರ ಮುಖವಲ್ಲ, ಪಾಸ್‌ಬುಕ್ಕು ಹಿಡಿದ ಕೈ ನೆನಪಾಯಿತು.

ಪರಊರಿನಲ್ಲಿ ಇರುವವನ ಕಷ್ಟ ಇದೇ. ಊರಿನಲ್ಲಿ ಬಡಿಗೇರ ಮಾಡಿಕೊಟ್ಟ ಕಪಾಟಿನ ಬಾಗಿಲು ಸೊಟ್ಟಗಾದರೆ ಅವನ ಮನೆಯ ಮುಂದೆ ನಿಂತು ಕೂಗಬಹುದು. ಆ ಕಾಲವೇ ಚೆಂದವಿತ್ತು ಅಂತ ಹಾಡಿ ಹೊಗಳುವವನೂ ನಾನಲ್ಲ. ನಮ್ಮ ಬಡಿಗೇರ ಮುಂಗಡ ತೆಗೆದುಕೊಂಡು ಆರು ತಿಂಗಳು ಮುಖ ತೋರಿಸಲಿಲ್ಲ, ಬಿಲ್ಲು ಅನ್ನುವುದನ್ನೇ ಕಂಡವನಲ್ಲ. ಆದರೂ ಅವನು ನಮಗೆ, ನಾವು ಅವನಿಗೆ ಗೊತ್ತಿದ್ದೆವು. ಆ ಪರಿಚಯ ಮಾಡುತ್ತಿದ್ದ ಕೆಲಸವನ್ನು ಬೇರೆ ಊರಿನಲ್ಲಿ ಕಾಗದ ಮಾಡಬೇಕು. ಆ ಕಾಗದಕ್ಕೆ ಊರು ಬಿಟ್ಟು ಬರಲಿಕ್ಕೆ ಆಗದಿದ್ದರೆ ನಾವು ಎಲ್ಲಿಯವರೂ ಅಲ್ಲ ಅಂತಾಗುತ್ತದೆ.

2019ರ ಕಾಯ್ದೆಯ 34ನೇ ಕಲಮಿಗೆ ನಾನು ಪೂರ್ತಿ ಅಂಕ ಕೊಡುವುದು ಇದಕ್ಕೇ. 1986ರ ಕಾಯ್ದೆಯಲ್ಲಿ ಎದುರುಗಾರ ಇರುವ ಅಥವಾ ವ್ಯಾಪಾರ ಮಾಡುವ ಊರಿನಲ್ಲಿ, ಇಲ್ಲವೇ ವ್ಯಾಜ್ಯಕ್ಕೆ ಕಾರಣ ಹುಟ್ಟಿದ ಊರಿನಲ್ಲಿ ದೂರು ಹೂಡಬೇಕಿತ್ತು. ಹೊಸದರಲ್ಲಿ ಒಂದು ಸಾಲು ಸೇರಿತು. ದೂರುದಾರ ವಾಸವಿರುವ ಅಥವಾ ದುಡಿಯುವ ಊರಿನಲ್ಲೂ ಹೂಡಬಹುದು. ಹುಟ್ಟಿದ ಊರೂ ಬೇಡ, ಬಿಲ್ಲಾದ ಊರೂ ಬೇಡ, ನೀನು ಈಗ ಇರುವ ಊರು ಸಾಕು. ವಾರಂಟಿ ಕಾರ್ಡಿನ ಸಾಲು ಈ ಹಕ್ಕನ್ನು ಕಿತ್ತುಕೊಳ್ಳಲಾರದು ಅನ್ನುವುದು ನನ್ನ ಓದು. ವಸ್ತುವಿಗೆ ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಎರಡು ವರ್ಷದೊಳಗೆ ದೂರು ಕೊಟ್ಟರಾಯಿತು. ವಕೀಲರಿಲ್ಲದೆ ತಾನೇ ನಿಂತು ವಾದಿಸಬಹುದು.

ಆದರೆ ಈ ಕೃತಿಯ ಉತ್ತರಾರ್ಧ ಪೂರ್ವಾರ್ಧದಷ್ಟು ಚೆನ್ನಾಗಿಲ್ಲ. ದೋಷದ ವಸ್ತುವನ್ನು ಹಿಂದಕ್ಕೆ ಪಡೆಯದಿರುವುದು ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ ಕಾಯ್ದೆ. ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಅವಧಿ ಬರೆದಿರದಿದ್ದರೆ 30 ದಿನದೊಳಗೆ. ನಮ್ಮ ಬಿಲ್ಲಿನ ಅಡಿಯಲ್ಲಿ ಏಳು ದಿನ ಅಂತಿತ್ತು. ಅವಧಿ ಬರೆಯುವವನೂ ಮಾರುವವನೇ! ಇನ್ನು ತೀರ್ಪು. ಎದುರುಗಾರರಿಗೆ ನೋಟಿಸು ತಲುಪಿದ ಮೂರು ತಿಂಗಳಲ್ಲಿ, ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಬೇಕಾದರೆ ಐದು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತಿದೆ. ಪ್ರಯತ್ನಿಸಬೇಕು, ಅಷ್ಟೇ. ಆಯೋಗಗಳಲ್ಲಿ ಅಧ್ಯಕ್ಷರು, ಸದಸ್ಯರ ಹುದ್ದೆಗಳು ಖಾಲಿ ಬಿದ್ದಿರುವ ಬಗ್ಗೆ 2021ರಲ್ಲಿ ಸುಪ್ರೀಂ ಕೋರ್ಟೇ ತಾನಾಗಿ ವಿಚಾರಣೆ ಕೈಗೆತ್ತಿಕೊಳ್ಳಬೇಕಾಯಿತು. ಎರಡು ವರ್ಷಕ್ಕೊಮ್ಮೆ ಊರು ಬದಲಿಸುವವರ ಮೊಕದ್ದಮೆ ಅವರಿಗಿಂತ ಹೆಚ್ಚು ದಿನ ಆ ಊರಿನಲ್ಲಿ ಉಳಿಯುವಂತಿದ್ದರೆ, ವಾಸವಿರುವ ಊರು ಅನ್ನುವ ಒಳ್ಳೆಯ ಸಾಲಿನ ಫಲ ಅರ್ಧಕ್ಕೆ ನಿಲ್ಲುತ್ತದೆ.

ಇನ್ನು ನಮ್ಮ ಕಥೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿದೆ. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು ಅನ್ನುವುದು ನನಗೆ ಸಿಹಿ ಸುದ್ದಿಯಾಗಿತ್ತು. ಅವರು ಆದೇಶ ಕೊಡುವವರಲ್ಲ. ದೂರನ್ನು ಕಂಪನಿಗೆ ಮುಟ್ಟಿಸಿ ಉತ್ತರ ತರಿಸುವವರು. ಜೊತೆಗೆ ಒಂದು ರಿಜಿಸ್ಟರ್ಡ್ ಪತ್ರ ಹಾಕಿದೆ. ಅಂಟಿನ ಫೋಟೋ, ಗೋಡೆಯ ಬರಹದ ಫೋಟೋ, ಬಿಲ್ಲಿನ ನಕಲು ಲಗತ್ತಿಸಿದೆ. 34ನೇ ಕಲಮನ್ನು ಉದ್ಧರಿಸಿ, ನಾಸಿಕ ಜಿಲ್ಲಾ ಆಯೋಗದಲ್ಲಿ ದೂರು ಹೂಡುವುದಾಗಿ ತಿಳಿಸಿದೆ. ಮೂರನೇ ವಾರ ಫೋನು ಬಂತು. ಹೊಸ ಹಲಗೆ ಕಳಿಸುತ್ತೇವೆ, ಜೋಡಿಸಿಯೂ ಕೊಡುತ್ತೇವೆ ಎಂದರು. ಬಂದ ಹಲಗೆಯ ಬಣ್ಣ ಉಳಿದವುಗಳಿಗಿಂತ ಒಂದು ಛಾಯೆ ಗಾಢವಾಗಿತ್ತು. ನಾನು ಹಣವನ್ನೇ ವಾಪಸು ಕೇಳಬೇಕೆಂದು ದೂರಿನ ಕರಡು ಬರೆಯತೊಡಗಿದೆ. ನನ್ನ ಹೆಂಡತಿ, ‘ರೀ, ಅದು ಗೋಡೆ ಕಡೆಗೆ ಹೋಗತ್ತೆ, ಯಾರಿಗೆ ಕಾಣತ್ತೆ’ ಎಂದಳು. ಮಗಳು, ‘ಅಪ್ಪಾ, ಬಟ್ಟೆ ಎಲ್ಲ ನೆಲದ ಮೇಲಿದೆ, ಬಿಡಿ’ ಎಂದಳು. ಕರಡು ಅಲ್ಲಿಗೇ ನಿಂತಿತು. ನಾನೂ ಕೊನೆಗೆ ‘ಚಾಲೇಲ್’ ಅಂದವನೇ. ಅಂಗಡಿಯವರ ಲೆಕ್ಕಾಚಾರ ನಿಂತಿರುವುದು ಇದರ ಮೇಲೇ ಅಂತ ಗೊತ್ತಿದ್ದೂ ಅಂದೆ. ಈ ಬರಹದಲ್ಲಿ ಎಲ್ಲರ ತಪ್ಪು ಎಣಿಸಿದ ಮೇಲೆ ಇದನ್ನೂ ಹೇಳಬೇಕು.

ಈ ಸಲದ ಫಿಟರ್ ಅಂಟಿನ ಬಾಟಲಿ ತೆಗೆದಾಗ ಮಾತ್ರ ನಾನು ಬೇಡವೆಂದೆ. ‘ಘಟ್ಟ್ ಬಸೇಲ್ ಕಾಕಾ’ ಎಂದ. ಗಟ್ಟಿಯಾಗಿ ಕೂರುತ್ತೆ, ಅಂತ. ಗಟ್ಟಿ ಕೂರುವುದು ಬೇಡಪ್ಪಾ, ಮತ್ತೆ ಬಿಚ್ಚುವುದಿದೆ ಎಂದೆ. ಹಲಗೆಗಳ ಒಳಮೈಗೆ ಪೆನ್ಸಿಲಿನಲ್ಲಿ ಕನ್ನಡ ಅಂಕಿ ಬರೆದಿದ್ದೇನೆ. ಒಂದು ಪ್ಲಾಸ್ಟಿಕ್ ಚೀಲದಲ್ಲಿ ಮೂರೂ ಕಾಗದಗಳನ್ನು ಹಾಕಿ ಕಪಾಟಿನ ಬೆನ್ನಿಗೆ ಟೇಪು ಹಚ್ಚಿದ್ದೇನೆ. ನಾನು ಕಳಿಸಿದ ಪತ್ರದ ನಕಲೂ ಅದರಲ್ಲೇ ಇದೆ. ಮುಂದಿನ ಊರು ಯಾವುದೋ, ಅಲ್ಲಿ ಬೇಕಾಗಬಹುದು.