ಕಲಿತ ಭಾಷೆ ಯಾರ ಬಾಗಿಲು ತಟ್ಟಿತು?

ಕಾಲೇಜುಗಳಿಗೆ ಬಂದು ಭಾಷಣ ಮಾಡುವ ದೊಡ್ಡವರಿಗೆ ಒಂದು ಮಾತು ಬಾಯಿಪಾಠ ಆಗಿದೆ. ಇನ್ನೊಂದು ಭಾಷೆ ಕಲಿಯಿರಿ, ಇನ್ನೊಂದು ಸಂಸ್ಕೃತಿ ನೋಡಿರಿ, ನಿಮ್ಮ ವ್ಯಕ್ತಿತ್ವ ಅರಳುತ್ತದೆ ಅಂತಾರೆ. ಮಾತು ಸುಳ್ಳಲ್ಲ, ಅರ್ಧ. ಯಾವ ಭಾಷೆ, ಯಾರ ಕೈಯಿಂದ ಕಲಿತಿರಿ, ಕಲಿತ ಮೇಲೆ ಯಾರ ಮನೆ ಬಾಗಿಲು ತಟ್ಟಿದಿರಿ? ಇದನ್ನು ಕೇಳುವವರು ಕಡಿಮೆ. ಕೇಳದೆ ಬಿಟ್ಟರೆ ಭಾಷೆ ಕಲಿಯುವುದೂ ಜಾತ್ರೆಗೆ ಹೊಸ ಅಂಗಿ ಹೊಲಿಸಿಕೊಂಡಷ್ಟೇ.

ನಮ್ಮ ಸೀಮೆಯಿಂದಲೇ ಶುರು ಮಾಡೋಣ. ವರದೆ ತುಂಗಭದ್ರೆಯನ್ನು ಕೂಡುವ ಕಡೆ ಗಳಗನಾಥ ಇದೆ. ಹೊರಗಿನವರಿಗೆ ಈ ಊರು ಗೊತ್ತಿರುವುದು ಎರಡು ಕಾರಣಕ್ಕೆ. ಒಂದು, ಚಾಲುಕ್ಯರ ಕಾಲದ ಗಳಗೇಶ್ವರ ಗುಡಿ. ಇನ್ನೊಂದು, ಊರ ಹೆಸರನ್ನೇ ತಮ್ಮ ಹೆಸರು ಮಾಡಿಕೊಂಡ ಕಾದಂಬರಿಕಾರ ವೆಂಕಟೇಶ ತಿರಕೋ ಕುಲಕರ್ಣಿ (1869-1942). ಧಾರವಾಡ ಸೀಮೆ ಮುಂಬಯಿ ಪ್ರಾಂತದೊಳಗೆ ಇದ್ದ ಕಾಲ ಅದು. ಶಾಲೆ, ಕಚೇರಿಗಳಲ್ಲಿ ಮರಾಠಿಯ ದರ್ಬಾರು. ಮಾಸ್ತರಿಕೆ ಮಾಡಿಕೊಂಡಿದ್ದ ಗಳಗನಾಥರು ಆ ಮರಾಠಿಯನ್ನೇ ಹಿಡಿದು ಹರಿ ನಾರಾಯಣ ಆಪ್ಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ವಿಜಯನಗರ ಬಿದ್ದ ಕಥೆ ಹೇಳುವ 'ಕನ್ನಡಿಗರ ಕರ್ಮಕಥೆ' ಕೂಡ ಆಪ್ಟೆಯವರ 'ವಜ್ರಾಘಾತ'ದಿಂದ ಬಂದದ್ದು. ಹಂಪಿ ಹಾಳಾದ ಕಥೆಯನ್ನು ಕನ್ನಡಿಗರು ಪುಣೆಯ ದಾರಿಯಿಂದ ತರಿಸಿಕೊಳ್ಳಬೇಕಾಯಿತು ನೋಡ್ರಿ!

ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದ ಮನುಷ್ಯ ಅವರು. ಆ ದುಡಿಮೆಗೆ ನಮಸ್ಕಾರ. ಓದುವ ಚಟವನ್ನೇ ಈ ಸೀಮೆಗೆ ಹಚ್ಚಿದರು. ಆದರೆ ವಿಮರ್ಶೆ ನಮಸ್ಕಾರದಲ್ಲಿ ಮುಗಿಯಬಾರದು. ಗಂಟಿನೊಳಗೆ ಏನಿತ್ತು? ಅರಸರು, ಮಂತ್ರಿಗಳು, ಯುದ್ಧ, ಪತಿವ್ರತೆಯರು. ಆ ಅರಮನೆಗಳಿಗೆ ಕಲ್ಲು ಹೊತ್ತವರ ಸುದ್ದಿ ಎಲ್ಲಿ?

ಮರಾಠಿಯಲ್ಲಿ ಆಗ ಆ ಸುದ್ದಿ ಇರಲಿಲ್ಲ ಎನ್ನುವ ಹಾಗಿಲ್ಲ. ಗಳಗನಾಥರು ಹುಟ್ಟುವುದಕ್ಕೆ 14 ವರ್ಷ ಮೊದಲೇ, 1855ರಲ್ಲಿ, ಮುಕ್ತಾ ಸಾಳ್ವೆ ಎಂಬ ಮಾಂಗರ ಹುಡುಗಿ 'ಜ್ಞಾನೋದಯ' ಪತ್ರಿಕೆಯಲ್ಲಿ ಮಾಂಗ, ಮಹಾರರ ದುಃಖದ ಮೇಲೆ ಲೇಖನ ಬರೆದಳು. ಜೋತಿಬಾ, ಸಾವಿತ್ರಿಬಾಯಿ ಫುಲೆ ನಡೆಸಿದ ಶಾಲೆಯಲ್ಲಿ ಅಕ್ಷರ ಕಲಿತವಳು. ವೇದ ಬ್ರಾಹ್ಮಣರದ್ದು ಅಂದಮೇಲೆ ನಮಗೆ ಯಾವ ಧರ್ಮ ಇದೆ ಎಂದು ದೇವರನ್ನೇ ಕಟಕಟೆಗೆ ನಿಲ್ಲಿಸಿದಳು. ಇನ್ನು ಫುಲೆಯವರು ಸ್ಕಾಟಿಷ್ ಮಿಷನ್ ಶಾಲೆಯಲ್ಲಿ ಇಂಗ್ಲಿಷ್ ಕಲಿತು ಥಾಮಸ್ ಪೇನ್ ಓದಿದವರು. 1873ರಲ್ಲಿ 'ಗುಲಾಮಗಿರಿ' ಬರೆದು, ಅದನ್ನು ನೀಗ್ರೋ ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ ಅರ್ಪಿಸಿದರು. ಪುಣೆಯ ಮಾಲಿಯೊಬ್ಬ ಸಮುದ್ರದಾಚೆಯ ಸಂಕಲೆಯಲ್ಲಿ ತನ್ನ ಮಂದಿಯ ಸಂಕಲೆಯನ್ನು ಗುರುತಿಸಿದ. ಸಂಸ್ಕೃತಿಗಳ ಕೂಡುವಿಕೆ ಅಂದರೆ ಇದು.

ಈ ಫುಲೆ ಗಳಗನಾಥರ ಕಾದಂಬರಿಗಳ ಸಾಲಿನಲ್ಲಿ ಇಲ್ಲ. ಇದು ಒಬ್ಬ ಮನುಷ್ಯನ ತಪ್ಪಲ್ಲ. ಭಾಷೆ ಕಲಿಸುವ ಶಾಲೆ ಯಾವ ಓಣಿಯಲ್ಲಿ ಇರುತ್ತದೋ ಆ ಓಣಿಯ ಪುಸ್ತಕಗಳೇ ಕೈಗೆ ಬರುತ್ತವೆ. ಮರಾಠಿ ಒಂದೇ, ಅದರೊಳಗೆ ಕೇರಿ ಎರಡು. ಬ್ರಾಹ್ಮಣರ ಓಣಿಯ ಮರಾಠಿ ಹೊಳೆ ದಾಟಿ ಬೇಗ ಬಂತು. ಫುಲೆಯ ಮರಾಠಿಗೆ ಇಲ್ಲಿ ಬಾಗಿಲು ತೆರೆದವರು 1970ರ ದಶಕದಿಂದ ಈಚಿನ ದಲಿತ, ಬಂಡಾಯ ಚಳವಳಿಯ ಹುಡುಗರು.

ಇನ್ನು ವಿಶ್ವವಿದ್ಯಾಲಯದ ಮಾತು. ಪರದೇಶದಲ್ಲಿ ಓದಿ ಬೆಳೆದ ಕಥೆಗಳು ಬೇಕಾದಷ್ಟಿವೆ. ಹಿಮ ಬಿದ್ದದ್ದು, ಒಳ್ಳೆಯ ಪ್ರೊಫೆಸರು ಸಿಕ್ಕದ್ದು, ಊರಿಗೆ ಬಂದಾಗ ಹಾರ ಬಿದ್ದದ್ದು. ಇವನ್ನೆಲ್ಲ ಒಂದು ಕಡೆ ಇಟ್ಟು ಅಂಬೇಡ್ಕರರ 'ವೇಟಿಂಗ್ ಫಾರ್ ಎ ವೀಸಾ' ಓದಬೇಕು. ಅವರು ತೀರಿಕೊಂಡ ಎಷ್ಟೋ ವರ್ಷದ ಮೇಲೆ, 1990ರಲ್ಲಿ, ಪುಸ್ತಿಕೆಯಾಗಿ ಅಚ್ಚಾಯಿತು. ಶಾಲೆಯಲ್ಲಿ ಸಂಸ್ಕೃತ ಕಲಿಯಲು ಬಿಡದೆ ಪರ್ಷಿಯನ್ ಕಡೆ ತಳ್ಳಿಸಿಕೊಂಡ ಹುಡುಗ ಬಡೋದೆಯ ಮಹಾರಾಜರ ಸ್ಕಾಲರ್‌ಶಿಪ್ಪಿನಿಂದ 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಹೊರದೇಶದ ಬದುಕು ತಾನು ಅಸ್ಪೃಶ್ಯ ಎಂಬ ಅರಿವನ್ನೇ ಅಳಿಸಿಹಾಕಿತ್ತು ಅಂತ ಅವರೇ ಬರೆಯುತ್ತಾರೆ. ಭಾಷಣಕಾರರ ಲೆಕ್ಕದಲ್ಲಿ ವ್ಯಕ್ತಿತ್ವ ವಿಕಾಸ ಇಲ್ಲಿಗೆ ಮುಗಿಯಿತು.

ಆದರೆ ಪುಸ್ತಕದಲ್ಲಿ ಕಥೆ ಇಲ್ಲಿಂದ ಶುರು. ನೌಕರಿಗೆ ಬಡೋದೆಗೆ ಬಂದರೆ ಇರಲು ಮನೆ ಇಲ್ಲ. ಪಾರ್ಸಿಯ ಹೆಸರು ಬರೆಸಿ ಪಾರ್ಸಿ ವಸತಿಗೃಹದ ಮಹಡಿಯಲ್ಲಿ ಇಳಿದುಕೊಂಡರು. ಬಾವಲಿ ಹಾರಾಡುವ ಕತ್ತಲೆ, ಒಂದು ಸಣ್ಣ ಲಾಟೀನು, ಒಬ್ಬನೇ ಮನುಷ್ಯ. ಹನ್ನೊಂದನೆಯ ದಿನ ಬಡಿಗೆ ಹಿಡಿದವರು ಮೆಟ್ಟಿಲು ಹತ್ತಿ ಬಂದರು. ಒಬ್ಬ ಹಿಂದೂ ಗೆಳೆಯ, ಒಬ್ಬ ಕ್ರಿಶ್ಚಿಯನ್ ಗೆಳೆಯ, ಇಬ್ಬರ ಮನೆಯಲ್ಲೂ ಜಾಗ ಸಿಗಲಿಲ್ಲ. ಸಾರ್ವಜನಿಕ ತೋಟದಲ್ಲಿ ಹೊತ್ತು ಕಳೆದು ರಾತ್ರಿ ರೈಲು ಹಿಡಿದು ಮುಂಬಯಿಗೆ ಹೊರಟರು. ಬರವಣಿಗೆಯ ಗಟ್ಟಿತನ ನೋಡಿ. ದಿನ ಎಣಿಸುತ್ತಾರೆ, ಬಾಡಿಗೆ ಎಣಿಸುತ್ತಾರೆ, ಯಾರು ಏನು ಕೇಳಿದರು ಎಂದು ಸಾಕ್ಷಿ ಹೇಳುವವರ ಹಾಗೆ ಹೇಳುತ್ತಾರೆ. ಹೊರದೇಶದಲ್ಲಿ ಕಲಿತ ಇಂಗ್ಲಿಷನ್ನು ಅಲಂಕಾರಕ್ಕೆ ಖರ್ಚು ಮಾಡಲಿಲ್ಲ, ಪಂಚನಾಮೆ ಬರೆಯಲು ಬಳಸಿದರು. ಬೆಳೆದದ್ದು ಅವರೊಬ್ಬರು, ಊರು ಇದ್ದಲ್ಲೇ ಇತ್ತು. ಈ ವಿಕಾಸದ ಸಂಕಟವನ್ನು ನಮ್ಮ ಪ್ರವಾಸ ಸಾಹಿತ್ಯ ಮುಟ್ಟಿದ್ದು ಕಡಿಮೆ.

ಭಾಷೆ ಕಲಿಯುವುದನ್ನು ಅವರು ಅಲ್ಲಿಗೂ ಬಿಡಲಿಲ್ಲ. ತಡೆದ ಸಂಸ್ಕೃತವನ್ನು ಮುಂದೆ ತಾವೇ ಕಲಿತರು, ಪಾಳಿಯ ನಿಘಂಟು ಕಟ್ಟಿದರು. ಬೀಗ ಹಾಕಿದ ಮನೆಗೆ ಬೀಗದ ಕೈ ಮಾಡಿಕೊಂಡ ಹಾಗೆ.

ನಮ್ಮ ಹುಡುಗರ ಕಡೆ ಬರ್ತೇನೆ. ಕೇರಿಯಿಂದ ಮೊದಲ ಸಲ ವಿಶ್ವವಿದ್ಯಾಲಯಕ್ಕೆ ಹೋದವನಿಗೆ ಎದುರಾಗುವ ಮೊದಲ ಪರಭಾಷೆ ಇಂಗ್ಲಿಷ್ ಅಲ್ಲ, ಪುಸ್ತಕದ ಕನ್ನಡ. 'ಮನ್ಯಾಗ' ಅಂದವನಿಗೆ 'ಮನೆಯಲ್ಲಿ' ಅನ್ನು ಅಂತ ನಗುತ್ತಾರೆ. ಅವನು ತುಟಿ ಹೊಲಿದುಕೊಂಡು ಹಿಂದಿನ ಬೆಂಚಿಗೆ ಸರಿಯುತ್ತಾನೆ. ಗೋವಾಕ್ಕೆ ಗೌಂಡಿ ಕೆಲಸಕ್ಕೆ ಹೋದ ಅವನ ಅಣ್ಣ ಕೊಂಕಣಿ, ಹಿಂದಿ ಎರಡೂ ಕಲಿತು ಬಂದಿರುತ್ತಾನೆ. ಅವನಿಗೆ ಯಾರೂ ಸರ್ಟಿಫಿಕೇಟು ಕೊಡುವುದಿಲ್ಲ. ಅದನ್ನು ಸಂಸ್ಕೃತಿಗಳ ಅನುಭವ ಎಂದು ಯಾವ ಸೆಮಿನಾರೂ ಕರೆಯುವುದಿಲ್ಲ. ಹೊಟ್ಟೆಪಾಡು ಅಂತಾರೆ, ಮುಗೀತು. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯವನ್ನು ಬೂಸಾ ಎಂದು, ದಲಿತರು ಇಂಗ್ಲಿಷ್ ಕಲಿಯಲಿ ಎಂದಾಗ ಗದ್ದಲ ಎದ್ದು ಮಂತ್ರಿಗಿರಿ ಹೋಯಿತು. ಬೂಸಾ ಎಂಬ ಶಬ್ದ ಎಲ್ಲರಿಗೂ ಕೇಳಿಸಿತು, ಇಂಗ್ಲಿಷ್ ಯಾಕೆ ಎಂಬ ಪ್ರಶ್ನೆ ಕಿವಿಗೆ ಬೀಳಲೇ ಇಲ್ಲ.

ಇಷ್ಟೆಲ್ಲ ದಾಟಿ ಪರದೇಶದ ಬಾಗಿಲಿಗೆ ಹೋದರೆ ಇನ್ನೊಂದು ಅಗುಳಿ. ಪರಿಶಿಷ್ಟ ಜಾತಿ ಮತ್ತಿತರ ವಿದ್ಯಾರ್ಥಿಗಳಿಗೆ ಹೊರದೇಶದಲ್ಲಿ ಓದಲು ಕೇಂದ್ರ ಸರ್ಕಾರ ಕೊಡುವ ಸ್ಕಾಲರ್‌ಶಿಪ್ಪಿಗೆ 2022ರಲ್ಲಿ ಹೊಸ ನಿಯಮ ಬಂತು. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಇಲ್ಲಿನ ಸಮಾಜದ ಅಧ್ಯಯನ ಇವುಗಳಿಗೆ ಹಣ ಇಲ್ಲ ಎಂದಿತು ಆ ನಿಯಮ. 1916ರ ಮೇ 9ರಂದು ಅಂಬೇಡ್ಕರರು ಕೊಲಂಬಿಯಾದಲ್ಲಿ ಓದಿದ ಪ್ರಬಂಧ ಭಾರತದ ಜಾತಿಗಳ ಹುಟ್ಟಿನ ಬಗೆಗಿನದು. ಈ ನಿಯಮದ ಪ್ರಕಾರ ಅದಕ್ಕೆ ಬಿಡಿಗಾಸೂ ಇಲ್ಲ. ಹೋಗು, ಭಾಷೆ ಕಲಿ, ಬೆಳೆ, ಆದರೆ ನಿನ್ನ ಪ್ರಶ್ನೆಯನ್ನು ಊರಲ್ಲೇ ಬಿಟ್ಟು ಹೋಗು ಎಂದಂತಾಯಿತು.

ಪ್ರಶ್ನೆ ಬಿಟ್ಟು ಹೋದವನು ಏನು ಹೊತ್ತು ತಂದಾನು? ಮತ್ತೆ ಅರಸರ ಕಥೆಯನ್ನೇ ತರುತ್ತಾನೆ.

ಮುಕ್ತಾ ಸಾಳ್ವೆಯ ಲೇಖನ ದೊಡ್ಡದಲ್ಲ, ಒಂದು ಪಿರಿಯಡ್ಡಿನಲ್ಲಿ ಓದಿ ಮುಗಿಯುತ್ತದೆ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಕಡೆಯ ಮಾಸ್ತರ ಗೆಳೆಯರು ಅದನ್ನು ಹುಡುಗರ ಮುಂದೆ ಒಂದು ಸಲ ಓದಿ ನೋಡಲಿ. 'ಮನ್ಯಾಗ' ಅನ್ನುವ ಕನ್ನಡಕ್ಕೇ ತಂದು ಓದಲಿ. ಹಿಂದಿನ ಬೆಂಚಿನವನನ್ನು ಎಬ್ಬಿಸಿ ನಿಲ್ಲಿಸಿ, ನೀ ಏನ ಹೇಳ್ತೀಯಪಾ ಅಂತ ಕೇಳಲಿ.