ಅಂಚಿನಲ್ಲೊಂದು ನಮೂದು

ಮಂಗಳೂರಿನ ಕಥೋಲಿಕ ಚರ್ಚುಗಳ ಕಚೇರಿ ನಡೆಸುವವರ ಮೇಲೆ ನನಗೆ ಅಪಾರ ಗೌರವ. ಕಾಣಿಕೆ ಲೆಕ್ಕ, ಸ್ಮಶಾನದ ಜಾಗ, ವಾಳೆಯ (ಚರ್ಚಿನ ವಾರ್ಡಿನ) ಮುಖಂಡರಾದ ಗುರಿಕಾರರ ಸಭೆ ಎಲ್ಲಕ್ಕೂ ಅವರೇ ಬೇಕು. ಆದರೆ ಮನಸಾರೆ ಮೆಚ್ಚುವುದು ಅವರು ಕಾಪಾಡುವ ಜ್ಞಾನಸ್ನಾನದ ದಾಖಲೆ ಪುಸ್ತಕವನ್ನು. ಮಗುವಿನ ಹೆಸರು, ಹೆತ್ತವರು, ಜ್ಞಾನ ತಂದೆತಾಯಿ, ದಿನಾಂಕ. ಪಕ್ಕದಲ್ಲಿ ಖಾಲಿ ಅಂಚು. ಆ ಮಗು ಬೆಳೆದು ಮುಂಬೈಯಲ್ಲೋ ದುಬೈಯಲ್ಲೋ ಮದುವೆಯಾದರೆ ಅಲ್ಲಿಯ ಚರ್ಚು ಊರಿಗೆ ತಿಳಿಸಬೇಕು, ಇಲ್ಲಿ ಯಾರೋ ಹಳೆಯ ಪುಟ ಹುಡುಕಿ ಆ ಅಂಚಿನಲ್ಲಿ ಬರೆಯಬೇಕು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 535ನೇ ವಿಧಿಯ ಕಟ್ಟಳೆಯಿದು. ಮದುವೆಗೆ ಮುಂಚೆ ಜ್ಞಾನಸ್ನಾನದ ಪ್ರಮಾಣಪತ್ರವನ್ನು ಹೊಸದಾಗಿ ತರಿಸುವುದೂ ಇದಕ್ಕೇ: ಹಿಂದೊಂದು ಮದುವೆ ಆಗಿದ್ದರೆ ಅಂಚು ಹೇಳಿಬಿಡುತ್ತದೆ. ಎಂಥ ಚೊಕ್ಕ ವ್ಯವಸ್ಥೆ!